ಗುದ್ದು ಬಿದ್ದದ್ದೆಲ್ಲಿ?

ನೂರಾರು ಟನ್ ತೂಗುವ ವಿದ್ಯುತ್ ಪರಿವರ್ತಕ ಬಂದಿಳಿದಾಗ ಬಣ್ಣ ಕಿತ್ತಿಲ್ಲ, ತಗಡು ತಗ್ಗಿಲ್ಲ ಎಂದು ರಸೀದಿಗೆ ಸಹಿ ಹಾಕಿಬಿಡುವುದುಂಟು. ಪೆಟ್ಟು ಬಿದ್ದಿರುವುದು ಒಳಗೆ. ಸುರುಳಿ ಚೂರು ಜರುಗಿದ್ದರೂ ಮುಂದೊಂದು ದಿನ ಶಾರ್ಟ್ ಸರ್ಕ್ಯೂಟಿನ ಹೊಡೆತಕ್ಕೆ ಅದು ತಾಳದೆ ಹೋಗಬಹುದು. ಸಾಗಣೆಯುದ್ದಕ್ಕೂ ಆಘಾತ ದಾಖಲಿಸುವ ಇಂಪ್ಯಾಕ್ಟ್ ರೆಕಾರ್ಡರನ್ನು ಇಳಿಸುವ ಮೊದಲೇ ಎಲ್ಲರೆದುರು ಓದಬೇಕು. ಯಾವ ಗಳಿಗೆಯಲ್ಲಿ ಎಷ್ಟು ‘ಜಿ’ (ಆಘಾತದ ಅಳತೆ) ಎಂದು ಸಿಕ್ಕರೆ, ಕ್ರೇನಿನವರೋ ಲಾರಿಯವರೋ ಎಂಬ ಜಗಳ ಅರ್ಧ ಮುಗಿದಂತೆ. (ಅದರ ಬ್ಯಾಟರಿ ದಾರಿಯಲ್ಲೇ ಸತ್ತಿರದಿದ್ದರೆ!) ಸುರುಳಿ ಜರುಗಿದೆಯೇ ಎಂದು ತೋರಿಸುವ, ಕಾರ್ಖಾನೆಯಲ್ಲಿ ಮಾಡಿದ ಫ್ರೀಕ್ವೆನ್ಸಿ ರೆಸ್ಪಾನ್ಸ್ ಪರೀಕ್ಷೆಯನ್ನು ಸ್ಥಳದಲ್ಲಿ ಮತ್ತೆ ಮಾಡಿ ಹೋಲಿಸದೆ ಚಾಲನೆ ಕೊಡುವುದು ಹುಂಬತನ. ಹಾನಿ ಕಂಡರೆ ತಡಮಾಡುವಂತೆಯೂ ಇಲ್ಲ: 2007ರ ರಸ್ತೆ ಸಾಗಣೆ ಕಾಯ್ದೆಯಂತೆ, ಬುಕಿಂಗ್ ಆದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ತಲುಪದಿದ್ದರೆ ಹಾನಿಗಾಗಿ ದಾವೆ ಹೂಡುವಂತಿಲ್ಲ.