ಸೂರ್ಯನಿಗೂ ಕಲ್ಲಿದ್ದಲಿನ ಬುದ್ಧಿ ಕಲಿಸಿದವರು

ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಈಗ ಕುರಿ ಕಾಣುವ ಮೊದಲು ಕಾಂಪೌಂಡು ಗೋಡೆ ಕಾಣುತ್ತದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳು ಮೇಯುತ್ತಿದ್ದ ನೆಲ ಅದು. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಿಲಾರಿಗಳು ಹೊಡೆದುಕೊಂಡು ಹೋಗುತ್ತಿದ್ದದ್ದು, ಕಾಡುಗೊಲ್ಲರು, ಕುರುಬರು ಕುರಿ ಬಿಡುತ್ತಿದ್ದದ್ದು, ಆ ಉಣ್ಣೆಯಿಂದ ಚಳ್ಳಕೆರೆ ಕಂಬಳಿ ಹುಟ್ಟುತ್ತಿದ್ದದ್ದು, ಎಲ್ಲ ಆ ಹುಲ್ಲಿನ ದೆಸೆಯಿಂದ. ಹಳೇ ಮೈಸೂರಿನಲ್ಲಿ ಇಂಥ ಕಾವಲು ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ಮೀರಿತ್ತು. ಕಚ್ಚಿ ಕಚ್ಚಿ ತಿಂದು ಉಳಿಸಿದ್ದು ಚೂರುಪಾರು. ಆ ಚೂರಿಗೂ ಕೈ ಹಾಕಿದರು. ವರವು ಕಾವಲು, ಉಳ್ಳಾರ್ತಿ ಕಾವಲು, ಕುದಾಪುರದ ಸುತ್ತಿನ ಬಯಲು, ಒಟ್ಟು ಸುಮಾರು 10 ಸಾವಿರ ಎಕರೆ. ರಕ್ಷಣಾ ಸಂಶೋಧನೆಗೆ ಇಷ್ಟು, ಅಣುಶಕ್ತಿಗೆ ಇಷ್ಟು, ವಿಜ್ಞಾನ ಸಂಸ್ಥೆಗೆ ಇಷ್ಟು, ಇಸ್ರೋಗೆ ಇಷ್ಟು. ಆ ಪಂಕ್ತಿಯ ಕೊನೆಯಲ್ಲಿ ಒಂದು ಖಾಸಗಿ ಸೋಲಾರ್ ಕಂಪನಿಯೂ ಎಲೆ ಹಾಕಿಸಿಕೊಂಡು ಕೂತಿತು: 1,250 ಎಕರೆ. ಸುತ್ತಲ ಹಳ್ಳಿಯವರಿಗೆ ಸುದ್ದಿ ಮುಟ್ಟಿದ್ದು ಗೋಡೆ ಏಳತೊಡಗಿದ ಮೇಲೆ. ಹಸಿರು ನ್ಯಾಯಮಂಡಳಿಗೆ ಹೋದರು. 2014ರಲ್ಲಿ ತೀರ್ಪು ಬಂತು. ಕಾವಲು ವಾಪಸು ಬರಲಿಲ್ಲ.

ಬಯಲುಸೀಮೆಯ ಬಿಸಿಲು ಇದೆಯಲ್ಲ, ಅದರಿಂದ ಕರೆಂಟು ತೆಗೆಯಲೇಬೇಕು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಲ್ಲಿದ್ದಲ ವಕೀಲರು ನನ್ನನ್ನು ತಮ್ಮ ಕಡೆಯ ಸಾಕ್ಷಿ ಎಂದು ಕರೆದುಕೊಂಡು ಹೋಗುತ್ತಾರೆ. ಈ ದೇಶದ ವಿದ್ಯುತ್ತಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಇವತ್ತಿಗೂ ಕಲ್ಲಿದ್ದಲು ಸುಟ್ಟೇ ಹುಟ್ಟುವುದು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ, ಅದನ್ನು ಸುಡುವ ಒಲೆಗಳು ಮಾತ್ರ ನಮ್ಮವು. ಶಕ್ತಿನಗರದಲ್ಲಿ 1985ರಿಂದ ಕೃಷ್ಣೆಯ ದಡದಲ್ಲೇ ಹಾರುಬೂದಿ ಉಗುಳುತ್ತ ನಿಂತ ಸ್ಥಾವರವಿದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಸ್ಥಾವರ ಬೇಡವೆಂದ ರೈತರ ಮೇಲೆ 2014ರ ಜುಲೈಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಗುಂಡು ತಿಂದವರ ಊರಿನ ಮಗ್ಗುಲಲ್ಲೇ ಚಿಮಣಿ ಎದ್ದು ನಿಂತಿತು. ಇದನ್ನೆಲ್ಲ ಕಂಡ ಮೇಲೆ ಕಲ್ಲಿದ್ದಲಿನ ಪರ ಒಂದು ಅಕ್ಷರ ಬರೆಯಲು ನನಗೆ ಕೈ ಬರುವುದಿಲ್ಲ. ಆದರೆ ಸೂರ್ಯನನ್ನು ಕರೆತಂದವರೂ ಕಲ್ಲಿದ್ದಲಿನವರ ದಾರಿಯಲ್ಲೇ ಬಂದರು. ಮೊದಲು ನಕ್ಷೆ ಬಿಡಿಸು, ಆಮೇಲೆ ಬೇಲಿ ಹಾಕು, ಕೊನೆಗೆ ಒಳಗೆ ಯಾರಿದ್ದರು ಎಂದು ವಿಚಾರಿಸು. ನನ್ನ ಜಗಳ ಅದರ ಮೇಲೆ.

ಪಾವಗಡ ನೋಡಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಐದು ಊರಿನ 13 ಸಾವಿರ ಎಕರೆ ಮೇಲೆ 2,050 ಮೆಗಾವಾಟ್. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ‘ಶಕ್ತಿಸ್ಥಳ’ ಎಂದು ಹೆಸರಿಟ್ಟರು; ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕು ಎಂದು ಎದೆ ತಟ್ಟಿಕೊಂಡರು. ಇಲ್ಲಿ ಸರ್ಕಾರ ಒಂದು ಕೆಲಸವನ್ನು ಸರಿಯಾಗಿಯೇ ಮಾಡಿತು. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ, ಬೀಜದ ದುಡ್ಡೂ ಹುಟ್ಟದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ರೈತನಿಗೆ ಅದು ಕಡಿಮೆ ದುಡ್ಡಲ್ಲ. ಹತ್ತಾರು ಎಕರೆ ಇದ್ದವರು ಮನೆ ಕಟ್ಟಿಸಿದರೆ ಕಟ್ಟಿಸಲಿ, ಅವರ ಮೇಲೆ ಹೊಟ್ಟೆಕಿಚ್ಚು ಯಾಕೆ?

ಎಕರೆಯೇ ಇಲ್ಲದವರ ಪಾಡು ಹೇಳಿ. ಗುತ್ತಿಗೆ ದುಡ್ಡು ಪಹಣಿಯಲ್ಲಿ ಹೆಸರಿದ್ದವನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಆ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು, ಬಿಡಿಸಿ, ವರ್ಷದಲ್ಲಿ ಒಂದಷ್ಟು ತಿಂಗಳು ಕೂಲಿ ಕಾಣುತ್ತಿದ್ದ ದಲಿತ ಹೆಂಗಸಿನ ಹೆಸರು ಯಾವ ಪಹಣಿಯ ಯಾವ ಕಾಲಮ್ಮಿನಲ್ಲಿದೆ? ಬೀಳುಬಿಟ್ಟ ಹೊಲದಲ್ಲಿ, ಹಳ್ಳದ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಯಾವ ಸರ್ವೆ ನಂಬರು? ಮೇಯಿಸಲು ಜಾಗವಿಲ್ಲದೆ ಕುರಿ ಮಾರಿದರು. ಕುರಿ ಮಾರಿದ ದುಡ್ಡು ಒಂದು ಸಲ ಕೈಗೆ ಬರುತ್ತದೆ, ಕುರಿ ವರ್ಷ ವರ್ಷ ಮರಿ ಹಾಕುತ್ತದೆ. ಈ ಲೆಕ್ಕ ಪಾವಗಡದ ಎಳೆ ಹುಡುಗನಿಗೂ ಗೊತ್ತು, ಯೋಜನಾ ವರದಿ ಬರೆದವರಿಗೆ ಗೊತ್ತಿಲ್ಲ. ಬದಲಿಗೆ ಸಿಕ್ಕಿದ್ದೇನು? ಪ್ಯಾನೆಲ್ ತೊಳೆಯುವ ಕೆಲಸ, ಹುಲ್ಲು ಸವರುವ ಕೆಲಸ, ಗೇಟಿನ ಮುಂದೆ ಸೆಕ್ಯುರಿಟಿ ಕೆಲಸ. ಅದೂ ಎಲ್ಲರಿಗಿಲ್ಲ, ಗುತ್ತಿಗೆದಾರನ ಮರ್ಜಿ. ನಿನ್ನೆವರೆಗೆ ತನ್ನ ಕುರಿ ತಿನ್ನುತ್ತಿದ್ದ ಹುಲ್ಲನ್ನು ಇವತ್ತು ಕಂಪನಿಗಾಗಿ ಸವರಬೇಕು. ಪ್ಯಾನೆಲ್ ಮೇಲೆ ನೆರಳು ಬೀಳಬಾರದು, ಅದಕ್ಕೆ ಮರ ಇರಬಾರದು. ಬೇಲಿ ದಾಟಬಾರದು, ಅದಕ್ಕೆ ಹೊಲದಿಂದ ಹೊಲಕ್ಕಿದ್ದ ಕಾಲುದಾರಿಯೂ ಇರಬಾರದು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ತಾಲ್ಲೂಕಿನಲ್ಲಿ ಗಾಜು ತೊಳೆಯಲು ನೀರು ಬೇಕು! ಈಗ ಪಾರ್ಕನ್ನು ಇನ್ನೂ ಸಾವಿರಾರು ಎಕರೆ ಹಿಗ್ಗಿಸುವ ಮಾತು ನಡೆದಿದೆ. ಮೊದಲ ಸುತ್ತಿನಲ್ಲಿ ಕೂಲಿ ಕಳೆದುಕೊಂಡವರ ಪಟ್ಟಿಯನ್ನಾದರೂ ಮಾಡಿದ್ದೀರಾ ಸ್ವಾಮಿ?

ಪಟ್ಟಿ ಮಾಡಬೇಕೆಂಬ ಕಾನೂನೇ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಅಡಿಯಲ್ಲಿ ಸೋಲಾರ್ ಪ್ಯಾನೆಲ್ ಯೋಜನೆಗಳಿಗೆ ಪರಿಸರ ಅನುಮತಿ ಬೇಕಿಲ್ಲ ಎಂದು ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ. ಅನುಮತಿ ಬೇಡವಾದರೆ ಪರಿಣಾಮದ ಅಧ್ಯಯನ ಬೇಡ. ಅಧ್ಯಯನ ಬೇಡವಾದರೆ ಸಾರ್ವಜನಿಕ ಅಹವಾಲು ಬೇಡ. 13 ಸಾವಿರ ಎಕರೆ ಮುಚ್ಚುವಾಗಲೂ ಊರಿನವರನ್ನು ಶಾಮಿಯಾನದ ಕೆಳಗೆ ಕೂರಿಸಿ ‘ನಿಮ್ಮ ತಕರಾರೇನು’ ಎಂದು ಕೇಳುವ ನಾಟಕವನ್ನಾದರೂ ಆಡಬೇಕಿಲ್ಲ. ಹೊಗೆ ಬರುವುದಿಲ್ಲವಂತೆ, ಹಾಗಾಗಿ ಹಾನಿಯೂ ಇಲ್ಲವಂತೆ. ಹಾನಿಯೆಂದರೆ ಚಿಮಣಿಯಿಂದ ಮೇಲೆ ಏಳುವುದು ಮಾತ್ರವೇ? ಹುಲ್ಲುಗಾವಲಿನ ಹೆಬ್ಬಕ, ಬಳ್ಳಾರಿಯ ಸಿರುಗುಪ್ಪ ಕಡೆ ಒಂದೆರಡು ಕಂಡರೂ ಪತ್ರಿಕೆಯಲ್ಲಿ ಸುದ್ದಿಯಾಗುವ ಹಕ್ಕಿ, ಇಡೀ ದೇಶದಲ್ಲಿ 150ರ ಆಸುಪಾಸಿಗೆ ಇಳಿದಿದೆ. ರಾಜಸ್ಥಾನ, ಗುಜರಾತಿನಲ್ಲಿ ಅದು ಸೋಲಾರ್ ಮತ್ತು ಗಾಳಿ ವಿದ್ಯುತ್ತಿನ ತಂತಿಗೆ ಬಡಿದು ಸಾಯುತ್ತಿದೆಯೆಂದು ಜನ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ರಾಜಸ್ಥಾನದ ಮಾತು ಬಂತು, ಅಲ್ಲಿನ ಕತೆ ಕೇಳಿದರೆ ರಕ್ತ ಕುದಿಯುತ್ತದೆ. ಸೂರ್ಯ ವಿದ್ಯುತ್ತಿನಲ್ಲಿ ದೇಶಕ್ಕೇ ಮೊದಲು ಎನ್ನುವ ರಾಜ್ಯ ಅದು; ಭಡ್ಲಾ ಪಾರ್ಕ್ ಒಂದರಲ್ಲೇ 2,245 ಮೆಗಾವಾಟ್. ಪ್ಯಾನೆಲ್ಲಿಗೆ ಜಾಗ ಮಾಡಲು ಖೇಜ್ರಿ ಮರ ಕಡಿಯುತ್ತಾರೆ. 1730ರಲ್ಲಿ ಖೇಜಡಲಿಯಲ್ಲಿ ಅಮೃತಾ ದೇವಿಯೂ ಮುನ್ನೂರಕ್ಕೂ ಹೆಚ್ಚು ಬಿಷ್ಣೋಯಿಗಳೂ ತಬ್ಬಿ ನಿಂತು ತಲೆ ಕೊಟ್ಟದ್ದು ಇದೇ ಮರಕ್ಕೆ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಅದೇ ಮರಕ್ಕಾಗಿ ಧರಣಿ ಕೂರುತ್ತಿದ್ದಾರೆ. ಹೋಗಲಿ, ಇಷ್ಟೆಲ್ಲ ಮರ ಕೊಟ್ಟ ಮೇಲೆ ಕಲ್ಲಿದ್ದಲು ನಿಂತಿತೇ? ಅದೇ ರಾಜಸ್ಥಾನ ಸರ್ಕಾರದ ವಿದ್ಯುತ್ ನಿಗಮಕ್ಕೆ ಕಲ್ಲಿದ್ದಲು ಕೊಡಲು ಛತ್ತೀಸಗಢದ ಹಸದೇವ್ ಅರಣ್ಯವನ್ನು ಬಗೆಯುತ್ತಿದ್ದಾರೆ. ಅಲ್ಲಿನ ಆದಿವಾಸಿಗಳು 2021ರಲ್ಲಿ ರಾಯಪುರದವರೆಗೆ 300 ಕಿಲೋಮೀಟರ್ ನಡೆದು ಬಂದು ಬೇಡ ಎಂದರು, ಗರಗಸ ನಿಲ್ಲಲಿಲ್ಲ. ಆ ಗಣಿ ನಡೆಸುವ ಗುತ್ತಿಗೆ ಅದಾನಿ ಸಮೂಹದ್ದು. ರಾಜಸ್ಥಾನದ ಮರುಭೂಮಿಯಲ್ಲಿ ಸೋಲಾರ್ ಸ್ಥಾವರ ಇಟ್ಟುಕೊಂಡಿರುವವರಲ್ಲೂ ಅದೇ ಸಮೂಹ ಇದೆ. ಅಂದರೆ ಕಪ್ಪು ಕರೆಂಟಿಗೆ ಒಂದು ಕಾಡು, ಹಸಿರು ಕರೆಂಟಿಗೆ ಇನ್ನೊಂದು ಬಯಲು. ಎರಡೂ ಕಡೆ ಬಿಲ್ಲು ಬರೆಯುವ ಕೈ ಬೇರೆಯಲ್ಲ.

ದೇಶದ ಸೋಲಾರ್ ಸಾಮರ್ಥ್ಯ 2025ರ ಆರಂಭದಲ್ಲಿ ಒಂದು ಲಕ್ಷ ಮೆಗಾವಾಟ್ ದಾಟಿತೆಂದು ಸಂಭ್ರಮಿಸಿದ ಸರ್ಕಾರವೇ, ಎರಡು ತಿಂಗಳೊಳಗೆ ವರ್ಷದ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿತೆಂದೂ ಸಂಭ್ರಮಿಸಿತು. ಸೂರ್ಯ ಬಂದದ್ದು ಕಲ್ಲಿದ್ದಲಿನ ಜಾಗಕ್ಕಲ್ಲ, ಕಲ್ಲಿದ್ದಲಿನ ಪಕ್ಕಕ್ಕೆ. ಹಾಗಾದರೆ ಕಾವಲು ಕಳೆದುಕೊಂಡವನು ಯಾವ ಲಾಭಕ್ಕೆ ಕಳೆದುಕೊಂಡ? ಶಕ್ತಿನಗರದ ಬೂದಿ ಅಷ್ಟರಮಟ್ಟಿಗೆ ಕಡಿಮೆಯಾಯಿತು ಎಂದು ತೋರಿಸಿ, ಆಮೇಲೆ ತ್ಯಾಗದ ಭಾಷಣ ಮಾಡಿ.

ಬೇರೆ ಜಾಗ ಇಲ್ಲವೇ ಎಂದು ಕೇಳಿದರೆ ಅಧಿಕಾರಿಗಳು ನಗುತ್ತಾರೆ. 2022ರೊಳಗೆ ಮನೆ, ಕಚೇರಿ, ಕಾರ್ಖಾನೆಗಳ ಚಾವಣಿ ಮೇಲೆ 40 ಸಾವಿರ ಮೆಗಾವಾಟ್ ಹಾಕುತ್ತೇವೆಂದು ಗುರಿ ಇಟ್ಟವರು ಇವರೇ. ಗಡುವು ಮುಗಿದಾಗ ಅದರ ಕಾಲು ಭಾಗವೂ ಆಗಿರಲಿಲ್ಲ. ಗುಜರಾತಿನ ಚಂದ್ರಾಸಣದಲ್ಲಿ 2012ರಲ್ಲೇ ನರ್ಮದಾ ಕಾಲುವೆಯ ಮೇಲೆ ಪ್ಯಾನೆಲ್ ಹೊದಿಸಿ ತೋರಿಸಿದ್ದರು. ಒಬ್ಬನ ಹೊಲವೂ ಹೋಗಲಿಲ್ಲ, ನೀರು ಆವಿಯಾಗುವುದೂ ತಗ್ಗಿತು. ತುಂಗಭದ್ರೆ, ಕೃಷ್ಣೆಯ ಕಾಲುವೆಗಳು ಉರಿಬಿಸಿಲಿನಲ್ಲಿ ಬೆತ್ತಲೆ ಮಲಗಿವೆ. ಬೆಂಗಳೂರಿನ ಹೊಸ ಮನೆಗೆ ಕರೆಂಟು ಬೇಕಿದ್ದರೆ ಸೋಲಾರ್ ವಾಟರ್ ಹೀಟರ್ ಹಾಕಿಸಲೇಬೇಕೆಂದು ಬೆಸ್ಕಾಂ ಒಂದು ಕಾಲಕ್ಕೆ ನಿಯಮ ಮಾಡಿತ್ತು, ಜನ ಗೊಣಗುತ್ತಲೇ ಹಾಕಿಸಿದರು. ಮನಸ್ಸು ಮಾಡಿದರೆ ಚಾವಣಿ ಸಿಗುತ್ತದೆ. ಆದರೆ ಲಕ್ಷ ಮನೆಯವರ ಜೊತೆ ಲಕ್ಷ ಕರಾರು ಮಾಡುವುದಕ್ಕಿಂತ ಕುರಿಗಾಹಿಯ ಬಯಲಿಗೆ ಒಂದು ಬೇಲಿ ಹಾಕುವುದು ಸುಲಭ. ಕುರಿಗಾಹಿಗೆ ವಕೀಲರಿಲ್ಲ.

ಬಯಲು ಮುಗಿಯಿತು, ಈಗ ಮಲೆನಾಡಿನ ಸರದಿ. ಹಗಲು ಹುಟ್ಟಿದ ಸೋಲಾರ್ ಕರೆಂಟನ್ನು ರಾತ್ರಿಗೆ ಕೂಡಿಡಬೇಕಂತೆ. ಅದಕ್ಕೆ ಗೇರುಸೊಪ್ಪದ ನೀರನ್ನು ಹಗಲು ತಲಕಳಲೆಗೆ ಎತ್ತಿ, ಸಂಜೆ ಮತ್ತೆ ಕೆಳಕ್ಕೆ ಬಿಡುವ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಸಿಂಗಳೀಕಕ್ಕೆಂದೇ ಹೆಸರಿಟ್ಟ ಅಭಯಾರಣ್ಯದ ಹೊಟ್ಟೆಯೊಳಗೆ ಸುರಂಗ. ಎತ್ತಲು ಖರ್ಚಾದಷ್ಟು ವಿದ್ಯುತ್ತು ಇಳಿಸುವಾಗ ವಾಪಸು ಹುಟ್ಟುವುದಿಲ್ಲವೆಂದು ಇಂಜಿನಿಯರುಗಳೇ ಬಲ್ಲರು. ಬ್ಯಾಟರಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದೂ ಅವರಿಗೆ ಗೊತ್ತು. ಪುಣ್ಯಕ್ಕೆ ಇದಕ್ಕೆ ಪರಿಸರ ಅನುಮತಿ ಬೇಕು. ಹಾಗಾಗಿ 2025ರಲ್ಲಿ ಅಹವಾಲು ಸಭೆ ನಡೆಯಿತು, ಸಾಗರ, ಹೊನ್ನಾವರದ ಕಡೆಯ ಜನ ಎದ್ದು ನಿಂತು ಬೇಡ ಎಂದರು.

ಈ ಜನಕ್ಕೆ ಯೋಜನೆಯೆಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಇವರ ಅಪ್ಪ ಅಮ್ಮ ಅಡಿಕೆ ತೋಟ, ಗದ್ದೆ, ಮನೆ ನೀರಿಗೆ ಬಿಟ್ಟು ಕಾಡಿನೊಳಗೆ ಹೋಗಿ ಕೂತರು. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ನಾಡಿಗೆಲ್ಲ ಬೆಳಕು ಕೊಟ್ಟಿತು. ಮುಳುಗಡೆಯವರು ಮಾತ್ರ ಇವತ್ತಿಗೂ ಅರಣ್ಯ ಇಲಾಖೆಯ ಕಣ್ಣಲ್ಲಿ ಒತ್ತುವರಿದಾರರು, ಕೈಯಲ್ಲಿ ಹಕ್ಕುಪತ್ರವಿಲ್ಲ. ಅವರು ತಮ್ಮ ಗದ್ದೆಯ ಅಂಚಿನ ಒಂದು ಮರ ಕಡಿದರೆ ಕೇಸು ಜಡಿಯುವ ಸರ್ಕಾರ, ಅದೇ ಕಾಡಿನಲ್ಲಿ ಸಾವಿರಾರು ಮರ ಕಡಿಯಲು ಕೊಡಲಿ ಮಸೆಯುತ್ತಿದೆ. ಸುರಂಗದ ನಕ್ಷೆ ಹಿಡಿದು ಅವರ ಅಂಗಳಕ್ಕೆ ಕಾಲಿಡುವ ಸಾಹೇಬರೇ, 60 ವರ್ಷ ಹಿಂದಿನ ಬಾಕಿ ಮೊದಲು ತೀರಿಸಿ. ಹಕ್ಕುಪತ್ರ ತಂದಿದ್ದರೆ ಕೂತು ಮಾತಾಡೋಣ. ಇಲ್ಲವಾದರೆ ಜೀಪು ತಿರುಗಿಸಿ.