ತಕ್ಕಡಿ ಹೇಳದ ಮಾತು

ತೂಕ ಇಳಿಸಬೇಕೆಂಬ ಸಂಕಲ್ಪ ಮನೆಯೊಳಗೆ ಕಾಲಿರಿಸಿತೆಂದರೆ ಮೊದಲು ಮಾಯವಾಗುವುದು ರಾತ್ರಿಯ ಊಟ. ಮಡದಿ ಬಡಿಸಿದ ತಟ್ಟೆಯನ್ನು ಸರಿಸಿಟ್ಟು ಮಲಗಿದ ಗೃಹಸ್ಥನು ಬೆಳಗಾದೊಡನೆ ತೂಕದ ಯಂತ್ರವನ್ನೇರುತ್ತಾನೆ. ಅರ್ಧ ಕಿಲೋ ಇಳಿದುದನ್ನು ಕಂಡು ಹಿಗ್ಗುತ್ತಾನೆ. ಇಳಿದದ್ದು ಕೊಬ್ಬೋ, ನೀರೋ, ಮಾಂಸಖಂಡವೋ ಎಂಬುದನ್ನು ಮಾತ್ರ ಯಂತ್ರ ಹೇಳುವುದಿಲ್ಲ.

ತೂಕವೊಂದನ್ನೇ ನಂಬುವವರು ಇಬ್ಬರು ವೈದ್ಯರ ಕಥೆಯನ್ನು ಅರಿಯಬೇಕು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್. ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸೂಚ್ಯಂಕ ಇಬ್ಬರಲ್ಲಿಯೂ ಒಂದೇ: 22.3. ಆದರೆ ಕ್ಷಕಿರಣಗಳಿಂದ ಅಳೆದಾಗ ದೇಹದಲ್ಲಿದ್ದ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇವರಿಬ್ಬರ ಚಿತ್ರವನ್ನು ಪ್ರಕಟಿಸಿತು. ತೆಳ್ಳಗೆ ಕಾಣುವ ಭಾರತೀಯನ ಒಡಲಲ್ಲಿಯೂ ಕೊಬ್ಬು ಅಡಗಿರಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅದನ್ನು ಅಂದಾಜು ಮಾಡಲು ದರ್ಜಿಯ ಅಳತೆಪಟ್ಟಿ ಸಾಕು. ಕೆಳಗಿನ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ, ಚರ್ಮವನ್ನು ಒತ್ತದಂತೆ ಸುತ್ತಿ ನೋಡಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ಮೋಸಹೋಗುವವರು ಅಳೆಸಿಕೊಂಡವರೇ. ಭಾರತೀಯ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು. ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ, ದಿನದಿನದ ತೂಕಕ್ಕಿಂತ ಅದು ಹೆಚ್ಚಿನ ಸತ್ಯವನ್ನು ಹೇಳೀತು.

ಹಾಗೆಂದು ಉಪವಾಸ ಕೊಬ್ಬನ್ನಷ್ಟೇ ಕರಗಿಸುವುದೆಂದು ತಿಳಿಯಬಾರದು. 1944–45ರಲ್ಲಿ ಅಮೆರಿಕದ ಮಿನಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿದರು. ಅವರ ತೂಕದ ನಾಲ್ಕನೆಯ ಒಂದು ಭಾಗದಷ್ಟು ಇಳಿಯಿತು. ಕೊಬ್ಬಿನೊಡನೆ ಮಾಂಸಖಂಡವೂ ಸವೆಯಿತು. ಮತ್ತೆ ಹೊಟ್ಟೆ ತುಂಬ ಉಂಡಾಗ ಬೇಗನೆ ಮರಳಿದ್ದು ಕೊಬ್ಬು. ಮಾಂಸಖಂಡ ನಿಧಾನವಾಗಿ ಹಿಂಬಾಲಿಸಿತು.

ಆದುದರಿಂದ ಊಟವನ್ನು ಬಿಡುವುದಕ್ಕಿಂತ ತಿದ್ದುವುದು ಲೇಸು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿಗಳಿವೆ. ದಿನಕ್ಕೆ 500 ಕ್ಯಾಲರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕಿಲೋ ಇಳಿದೀತು. ಒಂದು ಚಮಚ ಎಣ್ಣೆಯೇ 45 ಕ್ಯಾಲರಿ. ಒಗ್ಗರಣೆಯ ಕೈ ಹಿಡಿತದಲ್ಲಿರಲಿ. ಎರಡನೆಯ ಸಲದ ಅನ್ನದ ಬದಲು ಗಟ್ಟಿ ತೊವ್ವೆ, ಹೆಸರುಬೇಳೆ ಕೋಸಂಬರಿ, ಸೊಪ್ಪಿನ ಪಲ್ಯ, ಮಜ್ಜಿಗೆ ತಟ್ಟೆಯನ್ನು ತುಂಬಲಿ. ಬೇಳೆಕಾಳುಗಳ ಸಸಾರಜನಕವೂ ದಿನನಿತ್ಯದ ವ್ಯಾಯಾಮವೂ ಮಾಂಸಖಂಡವನ್ನು ಕಾಯುತ್ತವೆ. ಸಿಹಿಮೂತ್ರರೋಗಕ್ಕೆ ಔಷಧಿ ಸೇವಿಸುವವರು ಮಾತ್ರ ವೈದ್ಯರನ್ನು ಕೇಳದೆ ಊಟವನ್ನು ಬದಲಿಸಬಾರದು.

ಊಟ ಬಲ್ಲವನಿಗೆ ರೋಗವಿಲ್ಲವೆಂದರು ಹಿರಿಯರು. ಊಟ ಬಿಟ್ಟವನಿಗೆ ಎನ್ನಲಿಲ್ಲ.