ವಿಶ್ವವಿದ್ಯಾಲಯಕ್ಕೆ ಹಾಕಿದ ಹಣ ಎಲ್ಲಿಗೆ ಹೋಯಿತು?

ವಿಶ್ವವಿದ್ಯಾಲಯಗಳು ಸರಕಾರದ ಬೊಕ್ಕಸಕ್ಕೆ ಭಾರ ಎಂಬ ಮಾತು ಮಂತ್ರಿಗಳ ಬಾಯಿಂದ ಹೊರಟು, ಪತ್ರಿಕೆಗಳ ಅಂಕಣಗಳನ್ನು ಹಾಯ್ದು, ಈಗ ಪಟ್ಟಣದ ಸುಶಿಕ್ಷಿತರ ಪಡಸಾಲೆಗಳಲ್ಲಿ ಕಾಲು ಚಾಚಿ ಕುಳಿತಿದೆ. ಅದನ್ನು ಎಬ್ಬಿಸಿ ‘ನಿನ್ನ ಲೆಕ್ಕದ ಪುಸ್ತಕ ತೋರಿಸು’ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ‘ಕಲಿಯುವವನು ಫೀ ಕೊಡಲಿ, ಕಲಿಸುವ ಸಂಸ್ಥೆ ತನ್ನ ಖರ್ಚನ್ನು ತಾನು ದುಡಿದುಕೊಳ್ಳಲಿ, ಸರಕಾರಕ್ಕೆ ಬೇರೆ ಕೆಲಸಗಳಿಲ್ಲವೆ?’ ಎಂದು ಹೇಳಿದರೆ ವ್ಯವಹಾರಜ್ಞಾನ ಪ್ರಕಟವಾಯಿತೆಂದು ನಾವು ಭಾವಿಸುತ್ತೇವೆ. ನನ್ನ ವಾದ ಇದಕ್ಕೆ ನೇರವಾಗಿ ವಿರುದ್ಧವಾದುದು. ಸರಸ್ವತಿಗೆ ಬೆಲೆ ಕಟ್ಟಬಾರದೆಂಬ ಭಾವುಕತೆಯಿಂದ ನಾನಿದನ್ನು ಹೇಳುತ್ತಿಲ್ಲ. ಬೆಲೆ ಕಟ್ಟಿಯೇ ಹೇಳುತ್ತಿದ್ದೇನೆ. ವಿಶ್ವವಿದ್ಯಾಲಯದ ಲಾಭದ ದೊಡ್ಡ ಪಾಲು ಅದರ ಬಾಗಿಲನ್ನೂ ಕಾಣದ ಜನರಿಗೆ ಮುಟ್ಟುತ್ತದೆ. ಆ ಪಾಲಿಗೆ ಫೀ ವಸೂಲು ಮಾಡುವುದು ಯಾರಿಂದಲೂ ಆಗದು. ಆದ್ದರಿಂದಲೇ ಅದರ ವೆಚ್ಚವನ್ನು ಎಲ್ಲರ ಪರವಾಗಿ ಸರಕಾರ ಹೊರಬೇಕು.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ನಾನು ಘೋಡಗೇರಿಯವನು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಈ ಸೀಮೆ ಕಬ್ಬು, ಗೋವಿನಜೋಳ, ಸೋಯಾ ಅವರೆಗಳ ನೆಲ. ಇಲ್ಲಿಯ ರೈತನನ್ನು ‘ವಿಶ್ವವಿದ್ಯಾಲಯದಿಂದ ನಿನಗೇನು ಬಂತು?’ ಎಂದು ಕೇಳಿದರೆ ಅವನು ನಕ್ಕಾನು. ಮಗನ ಪದವಿಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದನ್ನು ಬಿಟ್ಟರೆ ಬೇರೇನೂ ಇಲ್ಲವೆಂದಾನು. ಆದರೆ ಅವನನ್ನು ಕೇಳಬೇಡಿರಿ, ಅವನ ಹೊಲವನ್ನು ಕೇಳಿರಿ.

ನಮ್ಮ ಭಾಗದಲ್ಲಿ ಸೋಯಾ ಅವರೆಗೆ ತುಕ್ಕು ರೋಗದ ಕಾಟ ಹಳೆಯದು. ಮಳೆ ಹಿಡಿದು ಮೋಡ ಕವಿದ ದಿನಗಳಲ್ಲಿ ಎಲೆಯ ಕೆಳಬದಿಗೆ ಕಂದು ಚುಕ್ಕೆ ಕಾಣಿಸುತ್ತದೆ. ನೋಡನೋಡುತ್ತ ಎಲೆ ಉದುರಿ ಕಾಳು ಜೊಳ್ಳಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಈ ರೋಗವನ್ನು ತಡೆದು ನಿಲ್ಲುವ ಡಿ.ಎಸ್.ಬಿ.-೨೧ ಎಂಬ ತಳಿಯನ್ನು ೨೦೧೦ರ ದಶಕದಲ್ಲಿ ರೈತರ ಕೈಗಿತ್ತರು. ಸೋಯಾ ಅವರೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಒಮ್ಮೆ ಬೀಜ ತಂದ ರೈತ ಮುಂದಿನ ವರ್ಷಕ್ಕೆ ತನ್ನ ರಾಶಿಯಿಂದಲೇ ಬೀಜ ತೆಗೆದಿಡಬಹುದು. ನೆರೆಯವನಿಗೂ ಕಡ ಕೊಡಬಹುದು. ಇಂಥ ಬೀಜಕ್ಕಾಗಿ ಯಾವ ಕಂಪನಿ ವರ್ಷಗಟ್ಟಲೆ ಹಣ ಸುರಿದೀತು? ಪ್ರತಿವರ್ಷ ಅಂಗಡಿಗೆ ಬರಬೇಕಾದ ಗಿರಾಕಿ ಒಮ್ಮೆ ಬಂದು ಹೋದರೆ ಅದಕ್ಕೆ ಲಾಭವೆಲ್ಲಿ? ಹೊಲದಲ್ಲಿ ಉಳಿದ ಪೀಕು, ಔಷಧಿ ಹೊಡೆಯದೆ ಉಳಿದ ಹಣ, ಇವು ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಎಲ್ಲಿಯೂ ಜಮೆಯಾಗುವುದಿಲ್ಲ. ಖರ್ಚು ಬೀಳುವುದು ಧಾರವಾಡದ ಹೆಸರಿಗೆ, ಜಮೆಯಾಗುವುದು ಹುಕ್ಕೇರಿಯ, ಬೈಲಹೊಂಗಲದ ರೈತನ ಮನೆಯಲ್ಲಿ. ಎರಡರಲ್ಲಿ ಒಂದೇ ಪುಟವನ್ನು ತೆರೆದು ‘ನಷ್ಟ, ನಷ್ಟ’ ಎಂದು ಕೂಗುವುದು ಯಾವ ಊರಿನ ಲೆಕ್ಕ?

ಹತ್ತಿಯ ಕಥೆ ಇದಕ್ಕಿಂತ ದೊಡ್ಡದು. ಉದ್ದೆಳೆಯ ಹತ್ತಿಗಾಗಿ ನಮ್ಮ ದೇಶದ ಗಿರಣಿಗಳು ಈಜಿಪ್ತ, ಸುದಾನಗಳ ಕಡೆಗೆ ನೋಡುತ್ತಿದ್ದ ಕಾಲವಿತ್ತು. ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ೧೯೭೨ರಲ್ಲಿ ವರಲಕ್ಷ್ಮಿಯನ್ನೂ ೧೯೮೧ರಲ್ಲಿ ಡಿ.ಸಿ.ಎಚ್.-೩೨ ಎಂಬ ಜಯಲಕ್ಷ್ಮಿಯನ್ನೂ ಕೊಟ್ಟರು. ಇಂಥ ಸಂಕರ ಬೀಜ ಮಾಡಬೇಕಾದರೆ ಹೂವು ಹೂವಿಗೂ ಕೈ ಹಚ್ಚಬೇಕು. ಬೀಜದ ಹೊಲಗಳಲ್ಲಿ ಆಳಿಗೆ ಕೆಲಸ ಸಿಕ್ಕಿತು, ರೈತನಿಗೆ ಧಾರಣೆ ಸಿಕ್ಕಿತು, ಗಿರಣಿಗೆ ನೂಲು ಸಿಕ್ಕಿತು. ಇದೆಲ್ಲ ಸರಕಾರಿ ಸಂಬಳದ ವಿಜ್ಞಾನಿಯೊಬ್ಬರು ಸರಕಾರಿ ಹೊಲದಲ್ಲಿ ವರುಷಗಳ ಕಾಲ ನಡೆಸಿದ ಕೆಲಸದ ಫಲ. ಆ ವರ್ಷಗಳಲ್ಲಿ ಯಾರಾದರೂ ಆಯವ್ಯಯ ತಜ್ಞರು ಹೋಗಿ ‘ಈ ಸಾಲಿನ ಲಾಭ ಎಷ್ಟು?’ ಎಂದು ಕೇಳಿದ್ದರೆ, ಸೊನ್ನೆ ಎಂದೇ ಉತ್ತರ ಬರುತ್ತಿತ್ತು.

‘ಒಕ್ಕಲುತನದ ಮಾತು ಬೇರೆ, ಉಳಿದ ಶಾಸ್ತ್ರಗಳಿಂದ ನಾಡಿಗೇನು?’ ಎನ್ನುವವರು ಬೆಂಗಳೂರನ್ನು ನೋಡಬೇಕು. ಇಂದು ಸರಕಾರದ ತೆರಿಗೆಯ ದೊಡ್ಡ ಪಾಲು ಆ ಊರಿನಿಂದ ಬರುತ್ತದೆಂದು ಹೆಮ್ಮೆಪಡುವವರು, ಆ ಊರು ಹೇಗಾಯಿತೆಂಬುದನ್ನು ಮರೆತಿದ್ದಾರೆ. ೧೯೦೯ರಲ್ಲಿ ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದಾಗ ಟಾಟಾ ಅವರ ದಾನದ ಜೊತೆಗೆ ಮೈಸೂರು ಸಂಸ್ಥಾನದ ನೆಲವೂ ಕೂಡಿತ್ತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯ. ೧೯೧೭ರಲ್ಲಿ ವಿಶ್ವೇಶ್ವರಯ್ಯನವರ ಇಂಜಿನಿಯರಿಂಗ್ ಕಾಲೇಜು. ವಿಮಾನ ಕಾರಖಾನೆ ಬಂದದ್ದು ೧೯೪೦ರಲ್ಲಿ, ಟೆಲಿಫೋನ್ ಕಾರಖಾನೆ ೧೯೪೮ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ೧೯೫೪ರಲ್ಲಿ. ಈ ತಾರೀಖುಗಳ ಕ್ರಮವನ್ನು ಗಮನಿಸಬೇಕು. ಮೊದಲು ವಿದ್ಯೆ, ಆಮೇಲೆ ಕಾರಖಾನೆ, ಅದರ ಬೆನ್ನಿಗೆ ಗಣಕದ ಕಂಪನಿಗಳು. ಅವು ಬಂದದ್ದು ಬೆಂಗಳೂರಿನ ಹವೆ ತಂಪೆಂದು ಮಾತ್ರ ಅಲ್ಲ. ತಂಪು ಹವೆ ಮಡಿಕೇರಿಯಲ್ಲಿಯೂ ಇತ್ತು.

ಇನ್ನು ನಮ್ಮ ಕಡೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಮೈಸೂರಿಗೆ ಕಲಿಸಬೇಕೆನ್ನುವ ಅರಸರಿದ್ದರು, ದಿವಾನರಿದ್ದರು. ನಮಗಿದ್ದುದು ಮುಂಬಯಿ ಸರಕಾರ. ಬೆಳಗಾವಿಯಲ್ಲಿ ಅದೇ ೧೯೧೬ರಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು, ಸಿರಸಂಗಿ ಲಿಂಗರಾಜರಂಥ ದೇಸಾಯರು ವಿದ್ಯೆಗಾಗಿ ಆಸ್ತಿಯನ್ನೇ ಬಿಟ್ಟುಕೊಟ್ಟರು. ಆ ಮಹನೀಯರಿಗೆ ಕೈಮುಗಿಯುತ್ತೇನೆ. ಆದರೆ ಇಷ್ಟೆಲ್ಲ ತ್ಯಾಗವಾದ ಮೇಲೂ ಕನ್ನಡದ ಹುಡುಗ ಪದವಿಗಾಗಿ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗೇ ಕೂಡಬೇಕಾಗಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ೧೯೪೯ರಲ್ಲಿ; ಅದು ಧಾರವಾಡಕ್ಕೆ ಬಂದದ್ದು ೧೯೫೦ರಲ್ಲಿ. ಮೈಸೂರಿಗೂ ನಮಗೂ ೩೩ ವರ್ಷಗಳ ಅಂತರ. ಉತ್ತರ ಕರ್ನಾಟಕ ಹಿಂದುಳಿಯಿತೆಂದು ೨೦೦೨ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ತಾಲೂಕು ತಾಲೂಕಾಗಿ ಲೆಕ್ಕ ಹಾಕಿ ತೋರಿಸಿತು. ಆ ೩೩ ವರ್ಷಗಳೊಂದೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆ. ಅವು ಕಾರಣವೇ ಅಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ತಡವಾಗಿ ಹುಟ್ಟಿದರೂ ಧಾರವಾಡದ ವಿಶ್ವವಿದ್ಯಾಲಯ ಬೇಗ ಬೆಳೆಯಿತು. ೧೯೫೪ರಿಂದ ೧೯೬೭ರವರೆಗೆ ಅದರ ಕುಲಪತಿಗಳಾಗಿ ಅದನ್ನು ಕಟ್ಟಿದ ಡಿ. ಸಿ. ಪಾವಟೆಯವರು ಗೋಕಾಕ ತಾಲೂಕಿನ ಮಮದಾಪುರದವರು. ಹಳ್ಳಿಯಲ್ಲಿ ಹುಟ್ಟಿ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ ಆಗಿ ಬಂದವರಿಗೆ, ಹಳ್ಳಿಯ ಹುಡುಗನಿಗೆ ಏನು ಬೇಕೆಂಬುದು ಗೊತ್ತಿತ್ತು. ಒಬ್ಬರು ಕೂತು ಕಟ್ಟಲು ೧೩ ವರ್ಷ ಸಿಕ್ಕಿತ್ತು ಎಂಬುದನ್ನೂ, ಕಟ್ಟಲು ಹಣ ಸಿಕ್ಕಿತ್ತು ಎಂಬುದನ್ನೂ ನೆನಪಿಡಬೇಕು.

ಆ ವಿಶ್ವವಿದ್ಯಾಲಯದ ಇಂದಿನ ಸ್ಥಿತಿ ಏನು? ೧೯೮೦ರಲ್ಲಿ ಗುಲಬರ್ಗಾ ಬೇರೆಯಾಯಿತು. ೨೦೧೦ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೇರೆಯಾಯಿತು. ೨೦೨೩ರಲ್ಲಿ ಹಾವೇರಿಯೂ ಹೋಯಿತು. ಅತ್ತ ರಾಣಿ ಚನ್ನಮ್ಮದಿಂದ ಬಾಗಲಕೋಟೆ ಹೋಯಿತು. ಹುಡುಗರಿಗೆ ಹತ್ತಿರವಾಯಿತು, ಒಳ್ಳೆಯದೇ. ಆದರೆ ಮನೆ ಪಾಲಾಗುವಾಗ ಸಾಲವೂ ಪಾಲಾಗಬೇಕಲ್ಲವೆ? ನಮ್ಮ ವಿಶ್ವವಿದ್ಯಾಲಯಗಳ ಸ್ವಂತ ಆದಾಯವೆಂದರೆ ಮುಖ್ಯವಾಗಿ ಕಾಲೇಜುಗಳ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ. ಕಾಲೇಜುಗಳು ಹೊಸ ಮನೆಗೆ ಹೋದರೆ ಶುಲ್ಕವೂ ಅವುಗಳ ಜೊತೆ ಹೋಗುತ್ತದೆ. ಹಿಂದೆ ದುಡಿದವರ ನಿವೃತ್ತಿವೇತನ ಮಾತ್ರ ಹಳೆಯ ಮನೆಯಲ್ಲಿಯೇ ಉಳಿಯುತ್ತದೆ. ಅದನ್ನೂ ನಿಮ್ಮ ಆಂತರಿಕ ಸಂಪನ್ಮೂಲದಿಂದ ಭರಿಸಿಕೊಳ್ಳಿರಿ ಎಂದು ಮೇಲಿನವರು ಹೇಳುತ್ತಾರೆ. ಹೀಗಾಗಿ ಅಧ್ಯಾಪಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದು, ಅತಿಥಿ ಉಪನ್ಯಾಸಕರು ಪಾಠ ನಡೆಸುತ್ತಾರೆ. ಬರುವ ವರ್ಷ ತಾನಿರುವೆನೋ ಇಲ್ಲವೋ ಎಂದು ತಿಳಿಯದವನು ಹತ್ತು ವರ್ಷದ ಸಂಶೋಧನೆಗೆ ಕೈ ಹಾಕುವುದುಂಟೆ?

೨೦೨೩ರಲ್ಲಿ ಒಂದೇ ಏಟಿಗೆ ಏಳು ಜಿಲ್ಲೆಗಳಿಗೆ ಏಳು ವಿಶ್ವವಿದ್ಯಾಲಯಗಳನ್ನು ಹಂಚಲಾಯಿತು. ಕೈಗೆ ಕೊಟ್ಟದ್ದು ತಲಾ ೨ ಕೋಟಿ ರೂಪಾಯಿ. ೨೦೨೫ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವನ್ನು ಮುಚ್ಚುವ ಮಾತೆತ್ತಿತು, ಕಾರಣ ಹಣವಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸನು ಎಂಬುದು ನಮ್ಮ ಗಾದೆ. ಇಲ್ಲಿ ಹುಟ್ಟಿಸಿದವರು ಹುಲ್ಲನ್ನೂ ಇಡಲಿಲ್ಲ. ಮುಂದೆ ಬಂದವರು ಕೂಸು ಬಡಕಲಾಗಿದೆಯೆಂದು ದೂರಿದರು. ಹುಟ್ಟಿಸಿದ ಪಕ್ಷ ಒಂದು, ಮುಚ್ಚಹೊರಟ ಪಕ್ಷ ಇನ್ನೊಂದು. ತಿಳಿವಳಿಕೆ ಮಾತ್ರ ಇಬ್ಬರದೂ ಒಂದೇ. ವಿಶ್ವವಿದ್ಯಾಲಯವೆಂದರೆ ಒಂದು ಫಲಕ, ಹಾಕಬಹುದು, ತೆಗೆಯಬಹುದು.

‘ಬಡವರ ಅನ್ನಕ್ಕೆ ಹಣ ಸಾಲದಿರುವಾಗ ಪದವೀಧರರಿಗೆ ಕೊಡಬೇಕೆ?’ ಎಂಬ ಪ್ರಶ್ನೆ ಕೇಳಲು ಧರ್ಮವಾಗಿ ತೋರುತ್ತದೆ. ಆದರೆ ಸಾರ್ವಜನಿಕ ವಿಶ್ವವಿದ್ಯಾಲಯ ಕೆಟ್ಟರೆ ಹಣವಂತರ ಮಗನಿಗೆ ಏನೂ ಆಗುವುದಿಲ್ಲ. ಅವನು ಖಾಸಗಿ ಸಂಸ್ಥೆಗೆ ಹೋಗುತ್ತಾನೆ, ಇಲ್ಲವೆ ವಿಮಾನ ಹತ್ತುತ್ತಾನೆ. ದಾರಿ ಮುಚ್ಚುವುದು ಬಸ್ಸಿನ ಪಾಸು ಹಿಡಿದು ಬರುವ ಹುಡುಗಿಗೆ. ಖಾಸಗಿ ಸಂಸ್ಥೆಗಳು ಬೇಡವೆಂದು ನಾನು ಹೇಳುವುದಿಲ್ಲ. ಗಿರಾಕಿ ಇರುವ ವಿದ್ಯೆಯನ್ನು ಅವು ಮಾರಲಿ. ಗಿರಾಕಿ ಇಲ್ಲದ, ಆದರೆ ನಾಡಿಗೆ ಬೇಕಾದ ವಿದ್ಯೆಯನ್ನು, ಹಳಗನ್ನಡವನ್ನು, ಶಾಸನವನ್ನು, ಸವಳು ಹತ್ತಿದ ಮಣ್ಣಿನ ರಸಾಯನವನ್ನು ಯಾರು ಕಲಿಸಬೇಕು? ಅಮೇರಿಕೆಯಂಥ ವ್ಯಾಪಾರಿಗಳ ದೇಶವೂ ಅದನ್ನು ಪೇಟೆಗೆ ಬಿಡಲಿಲ್ಲ. ೧೮೬೨ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ರಾಜ್ಯಗಳಿಗೆ ಭೂಮಿ ಕೊಟ್ಟು ಇಂಥ ಕಾಲೇಜುಗಳನ್ನು ಕಟ್ಟಿಸುವ ಕಾಯ್ದೆಗೆ ಸಹಿ ಹಾಕಿದ. ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಅದೇ ಮಾದರಿಯಲ್ಲಿ. ಯುದ್ಧಕಾಲದಲ್ಲಿ ಅವರಿಗೆ ಹಣವಿತ್ತು, ಶಾಂತಿಕಾಲದಲ್ಲಿ ನಮಗಿಲ್ಲ!

ವಿಶ್ವವಿದ್ಯಾಲಯಗಳು ನಿರ್ದೋಷಿಗಳೆಂದು ನಾನು ವಕಾಲತ್ತು ವಹಿಸಿಲ್ಲ. ನೇಮಕಾತಿಯಲ್ಲಿ ಜಾತಿ, ಕುಲಪತಿ ಪದವಿಗೆ ಪೈಪೋಟಿ, ಯಾರೂ ಓದದ ಪ್ರಬಂಧಗಳು, ಇವೆಲ್ಲ ಅಂಗೈ ಹುಣ್ಣು, ಕನ್ನಡಿ ಬೇಕಿಲ್ಲ. ಆದರೆ ಹುಣ್ಣಿಗೆ ಔಷಧಿ ಹಚ್ಚಬೇಕೇ ಹೊರತು ಉಪವಾಸ ಕೆಡವಬಾರದು. ಉಪವಾಸದಿಂದ ಮೊದಲು ಸಾಯುವುದು ಪ್ರಯೋಗಾಲಯ, ಗ್ರಂಥಾಲಯ. ಜಾತಿಯ ರಾಜಕಾರಣ ಬರಗಾಲದಲ್ಲಿಯೂ ಬದುಕುತ್ತದೆ.

ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ೬ರಷ್ಟನ್ನು ಶಿಕ್ಷಣಕ್ಕೆ ಕೊಡಬೇಕೆಂದು ಕೊಠಾರಿ ಆಯೋಗ ೧೯೬೬ರಲ್ಲಿ ಹೇಳಿತು. ೨೦೨೦ರ ಶಿಕ್ಷಣ ನೀತಿಯೂ ಅದನ್ನೇ ಹೇಳಿತು. ೫೪ ವರ್ಷ ಒಂದೇ ವಾಕ್ಯವನ್ನು ತಿದ್ದಿ ಬರೆಯುತ್ತಿದ್ದೇವೆ. ನಾನು ಕೇಳುವುದು ಅಷ್ಟು ದೊಡ್ಡದಲ್ಲ. ನಿವೃತ್ತಿವೇತನವನ್ನು ರಾಜ್ಯದ ಬೊಕ್ಕಸ ತನ್ನ ಮೇಲೆ ತೆಗೆದುಕೊಳ್ಳಲಿ. ಖಾಲಿ ಹುದ್ದೆಗಳನ್ನು ತುಂಬಲಿ. ವಾರ್ಷಿಕ ಅನುದಾನ ಮಂತ್ರಿಗಳ ಮರ್ಜಿಗೆ ಬಿಡದೆ ಕಾಯ್ದೆಯಲ್ಲಿ ನಿಲ್ಲಲಿ. ನೆಲ, ಹುದ್ದೆ, ಹಣ ಇವು ಮೂರೂ ಸಿದ್ಧವಾಗದೆ ಹೊಸ ಫಲಕ ಏಳದಿರಲಿ. ಪ್ರತಿಯಾಗಿ, ವಿಶ್ವವಿದ್ಯಾಲಯಗಳು ವರ್ಷಕ್ಕೊಮ್ಮೆ ತಮ್ಮ ಜಮಾಖರ್ಚನ್ನೂ ಕೆಲಸವನ್ನೂ ಕನ್ನಡದಲ್ಲಿ, ಜನರಿಗೆ ತಿಳಿಯುವಂತೆ, ಅಚ್ಚು ಮಾಡಿ ಹಂಚಲಿ.

ಈ ಪತ್ರಿಕೆಯನ್ನು ಓದುವವರಲ್ಲಿ ಬಹುಮಂದಿ ಕಡಿಮೆ ಫೀಯಲ್ಲಿ ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಓದಿ ಬಂದವರು. ಆ ಫೀಯ ಮೇಲಿನ ಹಣವನ್ನು ಅಂದು ಕೊಟ್ಟವರಲ್ಲಿ ಓದು ಬಾರದ ಘೋಡಗೇರಿಯ ರೈತನೂ ಒಬ್ಬ. ಬೆಂಕಿಪೆಟ್ಟಿಗೆ ಕೊಂಡಾಗ, ಎಣ್ಣೆ ಕೊಂಡಾಗ ಅವನು ತೆರಿಗೆ ತೆತ್ತಿದ್ದಾನೆ. ನಮ್ಮ ಮಕ್ಕಳು ಈಗ ಬೇರೆಡೆ ಓದುತ್ತಾರೆಂಬ ಕಾರಣಕ್ಕೆ, ಅವನ ಮಗಳ ಸರದಿ ಬಂದಾಗ ‘ಭಾರ’ ಎನ್ನುವ ಹಕ್ಕು ನಮಗಿಲ್ಲ. ಮುಂದಿನ ಮುಂಗಡಪತ್ರದ ದಿನ ನಮ್ಮ ಶಾಸಕರು ಈ ಬಾಬತ್ತಿನಲ್ಲಿ ಬಾಯಿ ತೆರೆದರೇ ಇಲ್ಲವೇ ಎಂಬುದನ್ನು ಗಮನಿಸಿರಿ. ತೆರೆಯದಿದ್ದರೆ, ಮತ ಕೇಳಲು ಬಂದಾಗ ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿರಿ.